ಎಸ್ತೇರಕ್ಕನ ಸೊಂಟದ ಹಗ್ಗಗಳು

ಮೆಣಸಿನಕಾಯಿ ಚೀಲ ಹೊರುವುದರಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸುವ ಹಮಾಲ ಇರಲಿಲ್ಲ. ಬೆನ್ನ ಮೇಲೊಂದು ಚೀಲ, ಕಂಕುಳಲ್ಲೊಂದು ಚೀಲ, ಬೇಕೆಂದರೆ ಅದರ ಮೇಲೆ ಅಡತಿ ಅಂಗಡಿಯ ಮಾಲೀಕನನ್ನೂ ಕೂರಿಸಿಕೊಂಡು ಪೇಟೆಯೆಲ್ಲ ಸುತ್ತಿಬರುತ್ತಿದ್ದೆ. ಸುಳ್ಳು ಅನ್ನಿಸಿದರೆ ಮಾಲೀಕನನ್ನೇ ಕೇಳಿ. ಇಳಿಯೋ ಮಾರಾಯ ಅಂದರೂ ಅವನು ಇಳಿಯುತ್ತಿರಲಿಲ್ಲ. ಅಂಥ ಗೂಳಪ್ಪ ನಾನು, ಒಂದು ಸೋಮವಾರ ಚೀಲ ಇಳಿಸಿ ಬೀಡಿ ಹಚ್ಚಿದವನು ಹಾಗೇ ಮೇಲೆ ಹೋಗಿಬಿಟ್ಟೆ. ಗೋದಾಮಿನ ತಗಡಿಗೆ ತಲೆ ಬಡಿದಾಗಲೇ ಗೊತ್ತಾಗಿದ್ದು ಮೈಯಲ್ಲಿ ಏನೋ ರೋಗ ಸೇರಿಕೊಂಡಿದೆ ಅಂತ. ಕೆಳಗಿದ್ದವರು ಧೋತರದ ಚುಂಗು ಹಿಡಿದು ಎಳೆದರು. ಧೋತರ ಅವರ ಕೈಗೆ ಬಂತು, ನಾನು ಬರಲಿಲ್ಲ.

ನಮ್ಮೂರಲ್ಲಿ ಕಾಯಿಲೆ ಬಿದ್ದವರು ಮಲಗುವುದಿಲ್ಲ, ಏಳುತ್ತಾರೆ. ಬೆಳಗಾದರೆ ತಾಯಂದಿರು ಮಕ್ಕಳ ಹಿಮ್ಮಡಿಯ ಅಡಿಗೆ ಕಸಬರಿಗೆಯ ಕಡ್ಡಿ ತೂರಿಸಿ ನೋಡುತ್ತಾರೆ. ಕಡ್ಡಿ ಆಚೆ ಹೋದರೆ ಕಷಾಯ. ನೆಗಡಿಯಾದವರು ಮಡಿಲಲ್ಲಿ ಗುಂಡುಕಲ್ಲು ಇಟ್ಟುಕೊಂಡೇ ಅಂಗಡಿ ವ್ಯಾಪಾರ ಮಾಡುತ್ತಾರೆ. ಜ್ವರ ಬಂದವರು ಬಾಗಿಲ ಚೌಕಟ್ಟಿನವರೆಗೆ ಹೋಗುತ್ತಾರೆ. ಅದಕ್ಕೇ ಎಲ್ಲ ಮನೆಗಳ ಜಂತಿಗೂ ಕೌದಿ ಹೊಲಿದಿರುತ್ತದೆ. ಅದಕ್ಕೂ ಮೀರಿದವರನ್ನು ದವಾಖಾನೆಗೆ ಸೇರಿಸಬೇಕು. ಅಲ್ಲಿ ನರ್ಸಮ್ಮಗಳು ರೋಗಿಯ ನಡುವಿಗೆ ಹಗ್ಗ ಹಾಕಿ, ಅದರ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಕಂಬಕ್ಕೆ ಕಟ್ಟಿದರೆ ರೋಗಿ ಉಳಿಯುವುದಿಲ್ಲ. ಹೆಂಡತಿಯ ಸೊಂಟಕ್ಕೆ ಕಟ್ಟಿಯೂ ನೋಡಿದೆವು, ಅವಳೂ ನನ್ನ ಜೊತೆ ಮೇಲೆ ಬಂದಳು, ಬಂದು ಅಲ್ಲೂ ಬೈದಳು. ನರ್ಸಮ್ಮನೇ ಆಗಬೇಕು. ಅವಳ ಮನಸ್ಸು ಆ ಕೆಲಸದಲ್ಲಿ ಊರಿಕೊಂಡಿರಬೇಕು. ಆಗ ಅವಳ ಪಾದ ನೆಲ ಹಿಡಿದು ನಿಲ್ಲುತ್ತದೆ. ಮನಸ್ಸು ಕಿತ್ತುಬಂತೋ, ಅವಳ ಹಿಮ್ಮಡಿಯೂ ಏಳುತ್ತದೆ. ಅವಳು ಎದ್ದರೆ ಅವಳ ಹಗ್ಗದಲ್ಲಿ ಇರುವವರೆಲ್ಲ ಹೋದರು.

ನನ್ನ ಹಗ್ಗ ಎಸ್ತೇರಕ್ಕನ ಸೊಂಟದಲ್ಲಿತ್ತು. ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಬಾಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದಳು. ಅದೇ ಸೊಂಟದಲ್ಲಿ ಇನ್ನೂ ಎರಡು ಹಗ್ಗ. ಒಂದು ಟೇಲರ್ ಖಾದರಸಾಬನದು, ಮೇಲೆ ತೇಲುತ್ತಲೇ ಎಲ್ಲರ ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದವನು. ಇನ್ನೊಂದು ಸೊಪ್ಪು ಮಾರುವ ಚಂದ್ರವ್ವಳದು. ಚಂದ್ರವ್ವಳ ಬಾಯಿಗೆ ಪೇಟೆಯ ಪೊಲೀಸರೂ ಹೆದರುತ್ತಿದ್ದರು. ಮೊದಲ ದಿನ ನನ್ನ ಪಕ್ಕಕ್ಕೆ ತೇಲಿಬಂದವಳು ಮೇಲಿನಿಂದ ಕೆಳಗಿನವರೆಗೆ ನೋಡಿ ಅಂದಳು: "ಚೀಲ ಹೊರಾಂವ ಅಂತಿ. ಈಗ ನೋಡಿದ್ರ ಸಂತಿಯೊಳಗಿನ ಗಾಳಿ ಪುಗ್ಗಾ ಆಗಿ ನಿಂತಿ."

"ನೀನರ ಏನ್ ಮಹಾ, ಕೊತ್ತಂಬರಿ ಸಿವುಡು," ಅಂದೆ.

"ಸಿವುಡು ಅಂದ್ರ ಸಿವುಡು. ನನ್ನ ಮಗಳು ನೀಲವ್ವಗ ಒಂದ್ ವರ ಗೊತ್ತು ಮಾಡೂತನಕ ನಾ ಎಲ್ಲೂ ಹಾರಂಗಿಲ್ಲ. ನೀ ಬೇಕಾದ್ರ ಹಾರು, ಜಾಗಾ ಆಗ್ತೈತಿ."

ಆಗ ದವಾಖಾನೆಯನ್ನು ನೋಡಿಕೊಳ್ಳುತ್ತಿದ್ದವರು ದಾನಮ್ಮಕ್ಕ. ಅವರೂ ನರ್ಸಮ್ಮನಾಗಿಯೇ ಬಂದು ದೊಡ್ಡವರಾದವರು. ಊಟಕ್ಕೆ ಕೂತರೆ ನರ್ಸುಗಳ ಸಾಲಿನಲ್ಲೇ ಕೂರುತ್ತಿದ್ದರು, ಅವರ ಬುತ್ತಿಯಿಂದಲೇ ಚಟ್ನಿ ತೆಗೆದುಕೊಳ್ಳುತ್ತಿದ್ದರು. ಪಾಳಿ ಬದಲಾಗುವ ಹೊತ್ತಿಗೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಯಾರ ಹಗ್ಗ ಯಾರಿಗೆ ಅಂತ ಅವರವರನ್ನೇ ಕೇಳುತ್ತಿದ್ದರು. ಒಬ್ಬಳು "ನನಗೀವತ್ತು ಭಾರ ತಡೆಯಂಗಿಲ್ಲ, ಎರಡೇ ಕೊಡ್ರಿ" ಅಂದರೆ ಎರಡೇ. ಇನ್ನೊಬ್ಬಳು ಏನೂ ಕೇಳದೆ ಮೂರನೆಯದನ್ನು ತನ್ನ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು. ಎಸ್ತೇರಕ್ಕ ಹೊಸಬಳಾಗಿದ್ದಾಗ ಒಮ್ಮೆ ಹಗ್ಗ ಜಾರಿ, ಯಾರೋ ಒಬ್ಬ ರೋಗಿಯ ಹಲ್ಲು ಪಂಖಕ್ಕೆ ಬಡಿದು ಉದುರಿತಂತೆ. ಇವಳು ಅಳುತ್ತ ನಿಂತಿದ್ದಾಳೆ. ದಾನಮ್ಮಕ್ಕ ಆ ಹಲ್ಲನ್ನು ಇವಳ ಕೈಗೆ ಕೊಟ್ಟು, "ಮತ್ತ ಹಿಂಗ ಆಗಬಾರದು ಅಂದ್ರ ಏನ್ ಮಾಡೂಣು, ನೀನ ಹೇಳವಾ" ಅಂದರಂತೆ. ಇವಳೇ ಯೋಚನೆ ಮಾಡಿ ಪಂಖಗಳಿಗೆ ಬಿದಿರಿನ ಬುಟ್ಟಿ ಹಾಕಿಸಿದಳು. ಆ ಬುಟ್ಟಿಗಳು ನಮ್ಮ ಕಾಲಕ್ಕೂ ಇದ್ದವು, ಖಾದರಸಾಬ ತನ್ನ ಎಲೆಯಡಿಕೆ ಚೀಲವನ್ನು ಅದರಲ್ಲೇ ಇಡುತ್ತಿದ್ದ.

ಹಗ್ಗ ಹಿಡಿಯುವುದೆಂದರೆ ಬರೀ ಕಟ್ಟಿಕೊಂಡು ನಿಲ್ಲುವುದಲ್ಲ. ಜ್ವರ ಏರಿದಾಗ ರೋಗಿ ಮೇಲಕ್ಕೆ ಜಗ್ಗುತ್ತಾನೆ. ಆಗ ಹಗ್ಗ ಸಡಿಲ ಬಿಡಬೇಕು. ಬಿಡದಿದ್ದರೆ ಹಗ್ಗ ಪಕ್ಕೆಯ ಕೆಳಗೆ ಕಚ್ಚಿಕೊಂಡು ಉಸಿರು ಕಟ್ಟುತ್ತದೆ. ಜ್ವರ ಇಳಿಯುತ್ತ ಬಂದಾಗ ಸ್ವಲ್ಪ ಸ್ವಲ್ಪ ಎಳೆದುಕೊಳ್ಳಬೇಕು. ಎಷ್ಟು ಬಿಡಬೇಕು, ಯಾವಾಗ ಎಳೆಯಬೇಕು ಅನ್ನುವುದು ಹಿಡಿದವಳ ಮನಸ್ಸಿಗೆ ಬಿಟ್ಟಿದ್ದು. ಅವಳು ತಪ್ಪುವುದೂ ಉಂಟು. ಒಮ್ಮೆ ಎಸ್ತೇರಕ್ಕ ನನಗೆ ಹೆಚ್ಚು ಬಿಟ್ಟು ನಾನು ಬೆಳಕಿಂಡಿಯಲ್ಲಿ ಸಿಕ್ಕಿಕೊಂಡೆ. ಬೆಣ್ಣೆ ಸವರಿ ಈಚೆ ಎಳೆದರು. ಚಂದ್ರವ್ವ ಆ ಬೆಣ್ಣೆಗಾಗಿ ಹೊಟ್ಟೆ ಉರಿದುಕೊಂಡಳು. ಆದರೆ ತಪ್ಪಿದರೂ ಅವಳ ಕೈ ಹಗ್ಗದ ಮೇಲಿರುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ದಿನದಿನಕ್ಕೆ ನಾನು ಇಳಿಯುತ್ತ ಬಂದೆ. ಇನ್ನೊಂದು ಸ್ವಲ್ಪ ದಿನ, ಆಮೇಲೆ ನನ್ನ ಹೆಬ್ಬೆರಳು ನೆಲ ಮುಟ್ಟುತ್ತದೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ದಾನಮ್ಮಕ್ಕನಿಗೆ ವಯಸ್ಸಾಯಿತು ಅಂತ ಮನೆಗೆ ಕಳಿಸಿದರು. ಅವರ ಜಾಗಕ್ಕೆ ಕುಲಭೂಷಣ ಸಾಹೇಬರು ಬಂದರು.

ಮನುಷ್ಯ ನೋಡಲಿಕ್ಕೆ ಒಳ್ಳೆಯವನೇ. ಅದೇ ನನಗೆ ಇವತ್ತಿಗೂ ಸಿಟ್ಟು. ಕೆಟ್ಟ ಮುಖದವನಾಗಿದ್ದರೆ ಊರು ಮೊದಲೇ ಎಚ್ಚರವಾಗುತ್ತಿತ್ತು. ಈತ ನಗುತ್ತ ಮಾತಾಡುತ್ತಿದ್ದ, ಕಸ ಗುಡಿಸುವವಳಿಗೂ ನಮಸ್ಕಾರ ಮಾಡುತ್ತಿದ್ದ, ಗಂಧದೆಣ್ಣೆ ಹಚ್ಚಿಕೊಂಡು ಬರುತ್ತಿದ್ದ. ಬಂದ ದಿನವೇ ನರ್ಸುಗಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಹೇಳಿದ: "ನೀವೆಲ್ಲ ನನ್ನ ಕುಟುಂಬದವರು. ಕುಟುಂಬಕ್ಕೆ ಒಬ್ಬ ಯಜಮಾನ ಇರುತ್ತಾನೆ. ಇನ್ನು ಮುಂದೆ ನೀವು ಯೋಚನೆ ಮಾಡಿ ದಣಿಯಬೇಕಾಗಿಲ್ಲ. ಹಗ್ಗ ಹಿಡಿಯುವುದು ನಿಮ್ಮದು, ಯೋಚನೆ ನನ್ನದು."

ಅವತ್ತೇ ಒಬ್ಬ ಆಳನ್ನು ಕರೆದುಕೊಂಡು ವಾರ್ಡುಗಳಿಗೆ ಬಂದ. ಆಳಿನ ಕೈಯಲ್ಲಿ ಕಾಯಿಸಿದ ಅರಗಿನ ಬಟ್ಟಲು. ಎಲ್ಲರ ಹಗ್ಗವನ್ನೂ ಒಂದೇ ಅಳತೆಗೆ ತಂದು, ನರ್ಸಮ್ಮನ ಸೊಂಟದ ಒಂದೊಂದು ಗಂಟಿನ ಮೇಲೂ ಕೆಂಪು ಅರಗು ಸುರಿದು, ತನ್ನ ಉಂಗುರ ಒತ್ತಿ ಮುದ್ರೆ ಹಾಕಿದ. ಸಡಿಲ ಬಿಡಬೇಕೆಂದರೆ ಮುದ್ರೆ ಒಡೆಯಬೇಕು, ಮುದ್ರೆ ಒಡೆಯಬೇಕೆಂದರೆ ಅವನನ್ನು ಕೇಳಬೇಕು.

ಎಸ್ತೇರಕ್ಕ ಕೇಳಿದಳು: "ಸಾಹೇಬ್ರ, ಜ್ವರ ನಿಮ್ಮನ್ನ ಕೇಳಿ ಏರೂದಿಲ್ರೀ. ಆಗೇನ್ ಮಾಡಬೇಕು?"

"ಕೇಳಬೇಕು, ಅಷ್ಟೇ. ನನ್ನ ಬಾಗಿಲು ಸದಾ ತೆರೆದಿರುತ್ತದೆ."

"ಕೇಳೂದ್ರೊಳಗ ಹೊತ್ತಾದ್ರ?"

ಅವನು ನಕ್ಕ. "ನಿಮಗೆ ನನ್ನ ಮೇಲೆ ನಂಬಿಕೆ ಕಡಿಮೆ ಇದೆ, ಸಿಸ್ಟರ್. ನಂಬಿಕೆ ಬೆಳೆಸೋಣ. ಮುದ್ರೆ ಒಡೆದವರಿಗೆ ನಾನು ಶಿಕ್ಷೆ ಕೊಡುವುದಿಲ್ಲ. ಪಕ್ಕದಲ್ಲಿ ನಿಂತವರನ್ನು ಕೆಲಸದಿಂದ ಬಿಡಿಸುತ್ತೇನೆ. ಆಗ ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೀರಿ."

ಎಸ್ತೇರಕ್ಕನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಬಾನು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ, ಗಂಡ ಕೈಬಿಟ್ಟು ಹೋಗಿದ್ದ, ಮನೆಯಲ್ಲಿ ಎರಡು ಕೂಸು. ಅವಳು ಎಸ್ತೇರಕ್ಕನ ಮುಖ ನೋಡಿದಳು. ಎಸ್ತೇರಕ್ಕ ಬಾಯಲ್ಲಿದ್ದ ಲವಂಗವನ್ನು ಕಟಕ್ಕನೆ ಕಡಿದಳು. ನಾನು ಮೇಲಿನಿಂದ ನೋಡುತ್ತಿದ್ದೆನಲ್ಲ, ಆಗಲೇ ಕಂಡಿತು. ಅವಳ ಎಡ ಹಿಮ್ಮಡಿ ನೆಲ ಬಿಟ್ಟಿತ್ತು. ಒಂದು ಕಡ್ಡಿ ತೂರುವಷ್ಟು, ಹೆಚ್ಚಲ್ಲ. ನಾನು ನನ್ನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಮೇಲೆ ವಾರ್ಡು ಬದಲಾದದ್ದನ್ನು ಏನಂತ ಹೇಳಲಿ. ಹಗ್ಗ ಅದೇ, ಕೈ ಅದೇ. ಆದರೆ ಆ ಕೈ ಹಗ್ಗವನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿ ಏನು ಮಾಡಬೇಕು? ನರ್ಸಮ್ಮಗಳು ಗೂಟಗಳ ಹಾಗೆ ನಿಂತಿರುತ್ತಿದ್ದರು. ಮಾತು ಕಡಿಮೆಯಾಯಿತು. ಬುತ್ತಿ ಒಬ್ಬೊಬ್ಬರೇ ಬಿಚ್ಚಿ ತಿನ್ನುವುದಾಯಿತು, ಯಾಕಂದರೆ ಪಕ್ಕದವಳನ್ನು ಕಂಡರೆ ಭಯ. ಎಲ್ಲರ ಹಿಮ್ಮಡಿಯೂ ಏಳತೊಡಗಿತು. ಸಾಹೇಬ ಅದನ್ನು ನೋಡಿ ಬೇಜಾರು ಮಾಡಿಕೊಂಡ. ಯಾಕೆ ಹೀಗಾಯಿತು ಅಂತ ಅವರನ್ನು ಕೇಳಿದನೇ? ಇಲ್ಲ. ಕಬ್ಬಿಣದ ಅಟ್ಟೆಯ ಬೂಟು ಮಾಡಿಸಿ ಎಲ್ಲರಿಗೂ ಹಾಕಿಸಿದ. ಅವತ್ತಿನಿಂದ ದವಾಖಾನೆ ಅಂದರೆ ಕುದುರೆ ಲಾಯದ ಸದ್ದು. ನಿದ್ದೆ ಬಂದವನಿಗೆ ನಿದ್ದೆಯಿಲ್ಲ. ಇಳಿಯುತ್ತಿದ್ದ ನಾನು ಮತ್ತೆ ಮೇಲೇರಿದೆ, ಹಗ್ಗ ಬಿಗಿಯಿತು, ಉಂಡ ಅನ್ನ ಕೆಳಗಿಳಿಯಲಿಲ್ಲ.

"ಅಕ್ಕಾ, ಬಿಟ್ಟುಹೋಗಬ್ಯಾಡ," ಅಂದೆ ಒಂದು ದಿನ. ಹಮಾಲರ ಬಾಯಲ್ಲಿ ಅಂಥ ಮಾತು ಬರುವುದಿಲ್ಲ, ಆದರೂ ಬಂತು.

ಅವಳು ತಲೆ ಎತ್ತಿ ನೋಡಿದಳು. "ಹೋಗೂದಾದ್ರ ಎಂದೋ ಹೋಗ್ತಿದ್ದೆ, ಗೂಳಪ್ಪಣ್ಣ. ಬೂಟ್ ಹಾಕ್ಯಾರಲ್ಲ, ನಿಂತೀನಿ."

"ಬೂಟು ನಿಂತದ. ನೀ ಎಲ್ಲಿ ನಿಂತಿ?" ಅಂದಳು ಚಂದ್ರವ್ವ ನನ್ನ ಪಕ್ಕದಿಂದ. ಅವಳ ದನಿ ಮೊದಲಿನ ಹಾಗಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ಆದರೂ ಚುಚ್ಚುವುದನ್ನು ಬಿಡಲಿಲ್ಲ.

ಆ ವಾರವೇ ಚಂದ್ರವ್ವಳಿಗೆ ಜ್ವರ ಏರಿತು. ಮಧ್ಯಾಹ್ನದ ಹೊತ್ತು. ಮೊದಲು ಅವಳ ಮಾತು ನಿಂತಿತು. ಅದೇ ದೊಡ್ಡ ರೋಗ. ಆಮೇಲೆ ಹಗ್ಗ ತಂತಿಯ ಹಾಗೆ ಬಿಗಿದು ಸಣ್ಣಗೆ ಗುಂಯ್‌ಗುಡತೊಡಗಿತು. ಅವಳ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಸ್ತೇರಕ್ಕನ ಕೈ ಮುದ್ರೆಯ ಮೇಲೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಬಾನು.

ಬಾನು ಅಂದಳು: "ಒಡೀರಿ ಅಕ್ಕಾ. ನನ್ನ ನೋಡಬ್ಯಾಡ್ರಿ."

"ನಿನ್ನ ಕೂಸುಗಳನ್ನ ಯಾರು ನೋಡ್ತಾರ?" ಅಂದವಳೇ ಎಸ್ತೇರಕ್ಕ ಬಾಗಿಲ ಕಡೆ ತಿರುಗಿದಳು. "ಕೇಳಿಬರೂಣು. ಬಾಗಿಲಾ ತೆರೆದಿರ್ತದಂತಲ್ಲ."

ಸಾಹೇಬನ ಕೋಣೆ ಮಹಡಿಯ ಮೇಲೆ. ಅವಳು ಮೆಟ್ಟಿಲು ಹತ್ತಿದಳು, ಕಬ್ಬಿಣದ ಬೂಟಿನಲ್ಲಿ, ಧಡ್ ಧಡ್ ಅಂತ. ಅವಳ ಹಿಂದೆ ಗಾಳಿಯಲ್ಲಿ ನಾವು ಮೂವರು. ಬಾಗಿಲ ಚೌಕಟ್ಟು ಬಂದಾಗಲೆಲ್ಲ ನಾನೂ ಖಾದರಸಾಬನೂ ಚಂದ್ರವ್ವಳ ತಲೆಗೆ ಕೈ ಅಡ್ಡ ಹಿಡಿದು ಬಗ್ಗಿಸಿದೆವು. ಅವಳ ಮೈ ಕಾದ ಹಂಚು. ಮೇಲೆ ಹೋದರೆ ಬಾಗಿಲು ಮುಚ್ಚಿತ್ತು. ಹೊರಗೆ ಜವಾನ ರುದ್ರಯ್ಯ ಸ್ಟೂಲಿನ ಮೇಲೆ ಕೂತಿದ್ದ.

"ಒಳಗ ಹೋಗಂಗಿಲ್ರೀ. ಬ್ಯಾರೆ ಬ್ಯಾರೆ ಊರಿಂದ ದೊಡ್ಡ ಮಂದಿ ಬಂದಾರ. ಸಾಹೇಬ್ರು ಅವರಿಗೆ ತಿಳಿಸಿ ಹೇಳಾಕತ್ತಾರ."

"ಏನ್ ತಿಳಿಸಿ ಹೇಳಾಕತ್ತಾರ?"

ರುದ್ರಯ್ಯನಿಗೆ ಹೇಳಲಿಕ್ಕೆ ನಾಚಿಕೆಯಾಯಿತು. "ನರ್ಸಮ್ಮಗಳಿಗೆ ಕೆಲಸದ ಮ್ಯಾಲೆ ಪ್ರೀತಿ ಹುಟ್ಟಿಸೂದು ಹೆಂಗ ಅಂತ."

ಬಾಗಿಲ ಮೇಲಿನ ಗಾಜಿನ ಕಿಂಡಿಗೆ ನನ್ನ ಮುಖ ಸರಿಯಾಗಿ ನಿಲುಕುತ್ತಿತ್ತು. ಒಳಗೆ ಮೇಜಿನ ಸುತ್ತ ಕೋಟು ಹಾಕಿದವರು ಗೋಡಂಬಿ ತಿನ್ನುತ್ತಿದ್ದರು. ಸಾಹೇಬ ಕೈ ಆಡಿಸುತ್ತ ಹೇಳುತ್ತಿದ್ದ, ನಗುತ್ತಿದ್ದ. ನಾನು ಗಾಜಿಗೆ ಹಣೆ ಬಡಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಆಣೆ ಮಾಡಿ ಹೇಳುತ್ತೇನೆ, ನೋಡಿದ. ಒಂದು ಬೆರಳು ಎತ್ತಿ, ತಡಿ ಅನ್ನುವ ಹಾಗೆ ತೋರಿಸಿ, ಮತ್ತೆ ಅವರ ಕಡೆ ತಿರುಗಿದ. ಆ ಬೆರಳು ಇವತ್ತಿಗೂ ನನ್ನ ಕಣ್ಣಲ್ಲಿ ನೆಟ್ಟಿದೆ.

"ತಡಿ ಅಂದ," ಅಂತ ಕೆಳಗೆ ಹೇಳಿದೆ.

ಎಸ್ತೇರಕ್ಕ ಚಂದ್ರವ್ವಳ ಮುಖ ನೋಡಿದಳು. ಆಮೇಲೆ ಬಗ್ಗಿ, ತನ್ನ ಸೊಂಟದಿಂದ ಚಂದ್ರವ್ವಳ ಗಂಟನ್ನು ಬಾಯಿಯವರೆಗೆ ಎತ್ತಿ ಅದರ ಮುದ್ರೆಗೆ ಹಲ್ಲು ಹಾಕಿದಳು. ಅರಗು ಕಲ್ಲಾಗಿತ್ತು. ತುಟಿ ಹರಿದು ರಕ್ತ ಬಂತು, ಮುದ್ರೆ ಒಡೆಯಿತು. ಹಗ್ಗ ಸರ್ರನೆ ಬಿಚ್ಚಿಕೊಂಡು ಚಂದ್ರವ್ವ ಮೇಲೆ ಹೋದಳು. ಜಂತಿಗೆ ತಾಗಿ, ಒಂದು ಸಲ ಜೋರಾಗಿ ಉಸಿರೆಳೆದಳು. ಆಮೇಲೆ ನಿಧಾನವಾಗಿ, ಎಲೆ ಇಳಿಯುವ ಹಾಗೆ, ಇಳಿಯತೊಡಗಿದಳು. ನನ್ನನ್ನು ದಾಟಿ ಇಳಿದಳು. ಖಾದರಸಾಬನನ್ನು ದಾಟಿ ಇಳಿದಳು. ಕಾಲು ನೆಲ ಮುಟ್ಟಿತು.

ನನಗೆ ಎಷ್ಟು ಖುಷಿಯಾಯಿತೆಂದರೆ ಗಾಳಿಯಲ್ಲೇ ಒಂದು ಪಲ್ಟಿ ಹೊಡೆದೆ. "ಚಂದ್ರವ್ವ ಇಳದ್ಲು. ಆರಾಮಾತು ನಮ್ಮವ್ವಗ," ಅಂತ ಕೂಗಿದೆ. ರುದ್ರಯ್ಯ ಕೈ ಮುಗಿದ. ನನ್ನ ಕೂಗಿಗೆ ಬಾಗಿಲು ತೆರೆಯಿತು. ಸಾಹೇಬ, ಅವನ ಹಿಂದೆ ಆ ಕೋಟಿನವರೆಲ್ಲ, ಹೊರಗೆ ಬಂದರು. ನೆಲದ ಮೇಲೆ ಕಾಲೂರಿ, ಎಸ್ತೇರಕ್ಕನ ಹೆಗಲಿಗೆ ಒರಗಿದ ಚಂದ್ರವ್ವಳನ್ನು ನೋಡಿದರು. ಸಾಹೇಬನ ಮುಖ ಅರಳಿತು. "ನೋಡಿ," ಅಂದ, "ನಾನು ಬಾಯಲ್ಲಿ ಹೇಳುತ್ತಿದ್ದೆ, ಇವರು ಕಣ್ಣಿಗೆ ತೋರಿಸಿದರು. ಬೆಳಿಗ್ಗೆ ತೇಲುತ್ತಿದ್ದವರು ಈಗ ನೆಲದ ಮೇಲಿದ್ದಾರೆ." ಕೋಟಿನವರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಒಬ್ಬ ಗೋಡಂಬಿಯ ಕೈ ಒರೆಸಿಕೊಂಡು ತಟ್ಟಿದ.

ಎಸ್ತೇರಕ್ಕ ತಟ್ಟಲಿಲ್ಲ. ಅವಳ ಹೆಗಲಿನ ಮೇಲೆ ಬಿದ್ದ ಭಾರ ಎಂಥದೆಂದು ಅವಳಿಗೆ ಗೊತ್ತಾಗಿತ್ತು. ನಮ್ಮೂರಲ್ಲಿ ಗುಣವಾದವರು ಇಳಿಯುತ್ತಾರೆ. ಸತ್ತವರೂ ಇಳಿಯುತ್ತಾರೆ. ಆ ಮೊದಲ ಗಳಿಗೆಯಲ್ಲಿ ಯಾವುದು ಯಾವುದೆಂದು ನೋಡಿದವರಿಗೆ ತಿಳಿಯುವುದಿಲ್ಲ, ಹಿಡಿದವರಿಗೆ ಮಾತ್ರ ತಿಳಿಯುತ್ತದೆ. ಅವಳು ಚಂದ್ರವ್ವಳನ್ನು ಮೆತ್ತಗೆ ನೆಲಕ್ಕೆ ಮಲಗಿಸಿ, ಕಣ್ಣು ಮುಚ್ಚಿಸಿ, ಸೆರಗು ಸರಿಮಾಡಿದಳು. ಚಪ್ಪಾಳೆ ಒಂದೊಂದಾಗಿ ನಿಂತಿತು. ಕೊನೆಗೆ ಒಬ್ಬನದು ಮಾತ್ರ ಇನ್ನೂ ಕೇಳಿಸುತ್ತಿತ್ತು, ಅವನಿಗೆ ಕಣ್ಣು ಮಂಜಂತೆ.

ಸತ್ತವಳ ಮಗಳು ನೀಲವ್ವ ಸೊಪ್ಪಿನ ಬುಟ್ಟಿ ಹೊತ್ತುಕೊಂಡೇ ಓಡಿಬಂದಳು. ನಾನು ಮೇಲೆ ಕಣ್ಣು ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಳ್ಳಲಿಕ್ಕೆ ಆಗಲಿಲ್ಲ. ಆ ದವಾಖಾನೆಯಲ್ಲಿ ನಾನು ಕೂಗಿದ ಖುಷಿಯ ಕೂಗು, ಅವರು ತಟ್ಟಿದ ಚಪ್ಪಾಳೆ, ಈ ಹುಡುಗಿಯ ಅಳು ಮೂರೂ ಒಂದೇ ಜಂತಿಗೆ ಬಡಿದವು. ಇವತ್ತಿಗೂ ನನ್ನೊಳಗೆ ಮೂರನ್ನೂ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಬೇರೆ ಮಾಡಲಿಕ್ಕೆ ಹೋದರೆ ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಸಾಹೇಬ ನರ್ಸುಗಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ. ಎಲ್ಲರ ತಲೆಯ ಮೇಲೆ ಅವರವರ ರೋಗಿಗಳು. ಅವನು ಸಣ್ಣ ದನಿಯಲ್ಲಿ, ದುಃಖವಾದವನ ಹಾಗೆ ಮಾತಾಡಿದ. "ನಿನ್ನೆ ನಮ್ಮ ಕುಟುಂಬದಲ್ಲಿ ಒಂದು ಸಾವಾಯಿತು. ಮುದ್ರೆ ಇರುವವರೆಗೆ ಆ ತಾಯಿ ಬದುಕಿದ್ದರು. ಮುದ್ರೆ ಒಡೆದ ಮೇಲೆ ಸತ್ತರು. ಇದನ್ನು ನಾನು ಹೇಳುತ್ತಿಲ್ಲ, ನಡೆದದ್ದೇ ಹೇಳುತ್ತಿದೆ. ಸಿಸ್ಟರ್ ಎಸ್ತೇರ್ ಎಲ್ಲರ ಮುಂದೆ ತಮ್ಮ ತಪ್ಪು ಒಪ್ಪಿಕೊಂಡರೆ ಸಾಕು. ಬಾನು ಇವತ್ತೇ ಮನೆಗೆ ಹೋಗಬೇಕಾಗುತ್ತದೆ, ಅದು ಮೊದಲೇ ಹೇಳಿದ ಮಾತು."

ಎಸ್ತೇರಕ್ಕ ಒಂದು ಹೆಜ್ಜೆ ಮುಂದೆ ಇಟ್ಟಳು. ಇಟ್ಟಳು ಅಂದರೆ ಕಾಲು ಎತ್ತಿದಳು. ಬೂಟು ಬರಲಿಲ್ಲ. ಕಬ್ಬಿಣದ ಬೂಟುಗಳು ನೆಲದ ಮೇಲೆ ಖಾಲಿ ನಿಂತವು, ಅವಳ ಬರಿಗಾಲು ಗಾಳಿಯಲ್ಲಿ ಮೊಣಕಾಲೆತ್ತರಕ್ಕೆ ಬಂದಿತ್ತು. ಅವಳು ಏರಿದಂತೆ ನಾನೂ ಸರ್ರನೆ ಮೇಲೆ ಹೋದೆ. ಅಂಗಳಕ್ಕೆ ಜಂತಿ ಇಲ್ಲ, ಕೌದಿ ಇಲ್ಲ, ಬರೀ ಆಕಾಶ. ಅಡ್ಡ ಹಾರುತ್ತಿದ್ದ ಕಾಗೆ ನನ್ನನ್ನು ನೋಡಿ ದಾರಿ ಬಿಟ್ಟಿತು. ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಬಾನು ನೆಗೆದು ಎಸ್ತೇರಕ್ಕನ ಪಾದ ಹಿಡಿದಳು. ಹಿಡಿದ ರಭಸಕ್ಕೆ ಬಾನುವಿನ ಬೂಟೂ ಕಳಚಿತು, ಅವಳೂ ಎದ್ದಳು. ಅವಳನ್ನು ಇನ್ನೊಬ್ಬಳು ಹಿಡಿದಳು, ಅವಳದೂ ಅದೇ ಗತಿ. ಒಬ್ಬಳ ಕಾಲು ಒಬ್ಬಳು ಹಿಡಿದು ನರ್ಸಮ್ಮಗಳದೇ ಒಂದು ಸರಪಳಿಯಾಯಿತು. ಕೊನೆಯವಳು ಬಾವಿಯ ರಾಟೆಯ ಕಂಬಕ್ಕೆ ಕಾಲು ಸುತ್ತಿಕೊಂಡಳು. ಅಂಗಳದ ತುಂಬ ಖಾಲಿ ಬೂಟುಗಳು ಸಾಲಾಗಿ ನಿಂತಿದ್ದವು. ಅವನ್ನು ನೋಡಿ ಸಾಹೇಬ, "ಶಿಸ್ತು, ಶಿಸ್ತು" ಅನ್ನುತ್ತಿದ್ದ. ಬೂಟುಗಳಂತೂ ಬಹಳ ಶಿಸ್ತಿನಲ್ಲಿದ್ದವು.

ಮೇಲಿನಿಂದ ಎಸ್ತೇರಕ್ಕ ಮಾತಾಡಿದಳು. ಕೂಗಲಿಲ್ಲ. "ಸಾಹೇಬ್ರ, ತಪ್ಪು ಒಪ್ಪಿಕೊಂತೀನಿ. ಮುದ್ರಿ ಒಡದದ್ದು ನನ್ನ ತಪ್ಪಲ್ಲ. ಒಡಿಯೂಕಿಂತ ಮೊದಲು ನಿಮ್ಮನ್ನ ಕೇಳಾಕ ಬಂದ್ನೆಲ್ಲ, ಅದು ನನ್ನ ತಪ್ಪು. ನನ್ನ ಕೈಯಾಗಿನ ಜೀವಾನ ನಿಮ್ಮ ಬಾಗಿಲಿಗೆ ತಂದೆ. ಇನ್ನ ತರೂದಿಲ್ಲ." ಆಮೇಲೆ ಕೆಳಗಿದ್ದವರಿಗೆ ಅಂದಳು: "ನಾ ಹೊಂಟೆ. ನನ್ನ ರೋಗಿಗಳು ನನ್ನ ಕೂಡ ಬರ್ತಾರ. ಉಳದವರು ನಿಮ್ಮ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ನನ್ನ ಕೇಳಬ್ಯಾಡ್ರಿ."

ಒಬ್ಬಳು ಸರಪಳಿಯ ನಡುವಿನಿಂದ ಅಂದಳು: "ನಮ್ಮನ್ನ ಮೊದಲ ಕೆಳಗ ಇಳಿಸ್ರಿ ಅಕ್ಕಾ. ಗಾಳ್ಯಾಗ ಮನಸ್ಸಿಗೆ ಏನ್ ಬರ್ತೈತಿ, ತಲಿ ತಿರಗಾಕತ್ತೈತಿ."

ಆ ಮಾತಿಗೆ ಯಾರೋ ನಕ್ಕರು. ಆ ಅಂಗಳದಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು, ಒಬ್ಬರನ್ನೊಬ್ಬರು ಎಳೆದುಕೊಂಡು ಗೇಟಿನ ಕಡೆ ಹೊರಟರು. ಸಾಹೇಬ ಅಡ್ಡ ನಿಂತು, "ಗೇಟು ದಾಟಿದವರು ಮತ್ತೆ ಒಳಗೆ ಬರುವಂತಿಲ್ಲ" ಅಂದ. ಎಸ್ತೇರಕ್ಕ ಅವನ ತಲೆಯ ಮೇಲಿಂದಲೇ ದಾಟಿದಳು. ಅವಳ ಪಾದ ರಸ್ತೆಯ ಧೂಳಿಗೆ ತಾಗಿತು, ತಾಗಿದ್ದು ಊರಿಕೊಂಡಿತು. ನನ್ನ ಹಗ್ಗ ಜಗ್ ಅಂತ ಎಳೆದು ನಾನು ಆಕಾಶದಿಂದ ಕೆಳಗೆ ಬಂದೆ. ಅವಳ ಹಿಂದೆ ಬಾನು ಇಳಿದಳು. ಆಮೇಲೆ ಉಳಿದವರು ಒಬ್ಬೊಬ್ಬರೇ. ಧೂಳಿನಲ್ಲಿ ಅವರ ಹೆಜ್ಜೆ ಎಷ್ಟು ಆಳ ಬಿದ್ದಿತ್ತೆಂದರೆ ಮಳೆಗಾಲದಲ್ಲಿ ಅದರಲ್ಲಿ ಎಮ್ಮೆಗಳು ನೀರು ಕುಡಿದವು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪೇಟೆಯ ಜನ ಬಾಗಿಲಿಗೆ ಬಂದು ನೋಡಿದರು. ಬರಿಗಾಲಿನ ನರ್ಸಮ್ಮಗಳು, ಅವರ ತಲೆಯ ಮೇಲೆ ಪಟಗಳ ಹಾಗೆ ರೋಗಿಗಳು. ಎಲ್ಲಿಗೆ ಹೋಗುವುದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಮೇಲಿನಿಂದ ದಾರಿ ತೋರಿಸಿದೆ, ನನಗೆ ಗೊತ್ತಿದ್ದ ಎತ್ತರದ ಸೂರು ಒಂದೇ. ಮೆಣಸಿನಕಾಯಿ ಗೋದಾಮು. ಹಮಾಲರು ಚೀಲಗಳನ್ನು ಒಂದು ಮೂಲೆಗೆ ಒಟ್ಟಿದರು. ತಗಡಿನ ಕೆಳಗೆ ಕೌದಿ ಕಟ್ಟಿದರು. ನರ್ಸಮ್ಮಗಳು ಉಳಿದ ಮುದ್ರೆಗಳನ್ನೆಲ್ಲ ಒಡೆದರು. ಒಳಗೆ ಹೋದವರೆಲ್ಲ ಸೀನಿದರು. ಖಾದರಸಾಬ ಸೀನಿದ ರಭಸಕ್ಕೆ ಗೋದಾಮಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ಆದರೂ ಅಲ್ಲೇ ಉಳಿದೆವು. ನೀಲವ್ವ ದಿನಾ ಬೆಳಿಗ್ಗೆ ಸೊಪ್ಪು ತಂದು ಸಾರು ಮಾಡಿ ಹಾಕುತ್ತಿದ್ದಳು. ಯಾರೂ ಕೇಳಿರಲಿಲ್ಲ. ಯಾರ ಜೊತೆಗೂ ಮಾತಾಡುತ್ತಲೂ ಇರಲಿಲ್ಲ.

ಸಾಹೇಬ ಒಂದು ಮಧ್ಯಾಹ್ನ ಬಂದ. ಗಂಧದೆಣ್ಣೆಯ ವಾಸನೆ ಮೊದಲು ಬಂತು, ಆಮೇಲೆ ಸೀನು, ಆಮೇಲೆ ಅವನು. ಬೇರೆ ಊರಿನಿಂದ ನರ್ಸುಗಳನ್ನು ತಂದಿದ್ದನಂತೆ, ಅವರೂ ಬೂಟು ಬಿಟ್ಟು ಎದ್ದುಹೋಗಿದ್ದರಂತೆ. ದವಾಖಾನೆ ನೋಡಲಿಕ್ಕೆ ಮೇಲಧಿಕಾರಿಗಳು ಬರುವವರಿದ್ದರು. ಅವನು ಮೂಗು ಒರೆಸಿಕೊಂಡು, ಅದೇ ನಗುವಿನಲ್ಲಿ ಹೇಳಿದ: "ಎಸ್ತೇರ್, ಮನೆಗೆ ಬನ್ನಿ. ನಾನು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಬೂಟು ಬೇಡ. ಮುದ್ರೆಯೂ ಬೇಡ, ಎರಡು ಗಂಟು ಹಾಕೋಣ. ಬಾನುವಿಗೂ ಕೆಲಸ ಉಂಟು."

ನರ್ಸಮ್ಮಗಳು ಮುಖ ಮುಖ ನೋಡಿಕೊಂಡರು. ಗೋದಾಮಿನ ಕಾರದಲ್ಲಿ ಎಲ್ಲರ ಕಣ್ಣೂ ಕೆಂಪಾಗಿತ್ತು. ಹೋಗೋಣ ಅನ್ನುವವರೂ ಇದ್ದರು, ನಾನು ಮೇಲಿನಿಂದ ನೋಡುತ್ತಿದ್ದೆ. ಬಾನು ಕೂಸನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿದಳು.

ಎಸ್ತೇರಕ್ಕ ಅಂದಳು: "ಬರ್ತೀವಿ ಸಾಹೇಬ್ರ. ಬೂಟ್ ಇಟ್ರೂ ಬರ್ತೀವಿ. ಅಲ್ಲಿ ನೀಲವ್ವ ಕುಂತಾಳ. ಅಕಿ ಮುಂದ ಹೋಗಿ ಒಂದ ಒಂದ್ ಮಾತು ಹೇಳ್ರಿ. 'ನಿಮ್ಮವ್ವ ಉಸಿರು ಕಟ್ಟಿ ಸತ್ಲು, ನಾ ಬಾಗಿಲಾ ತೆರೀಲಿಲ್ಲ' ಅನ್ರಿ. ಅಷ್ಟ."

ನೀಲವ್ವ ಒಲೆಯ ಮುಂದಿನಿಂದ ತಿರುಗಿ ಕೂತಳು. ಕೈಯಲ್ಲಿ ಸೌಟು. ಅವಳು ತಾಯಿ ಸತ್ತಮೇಲೆ ಬಾಯಿ ಬಿಟ್ಟದ್ದು ಆಗಲೇ. "ಹೇಳ್ರೀ," ಅಂದಳು. "ನಮ್ಮವ್ವಗ ಚಪ್ಪಾಳಿ ಹೊಡಿಸಿದವರು ನೀವು. ನಿಮ್ಮ ಬಾಯಾಗಿಂದ ಒಂದ್ ಮಾತು ಬರಾಕ ಇಷ್ಟ್ಯಾಕ ತಡಾ?"

ಅವನು ಬಾಯಿ ತೆರೆದ. "ನೋಡಮ್ಮ," ಅಂದ, "ವ್ಯವಸ್ಥೆ ಅಂದ ಮೇಲೆ ಕೆಲವು ಸಲ ಎಲ್ಲರಿಂದಲೂ ಲೋಪ ಆಗುತ್ತದೆ." ಆಮೇಲೆ ಸೀನಿದ.

ನೀಲವ್ವ ಒಲೆಯ ಕಡೆ ತಿರುಗಿದಳು. ಬಾನು ಎದ್ದು ಅವನಿಗೆ ಬಾಗಿಲು ತೋರಿಸಿದಳು, ಕೂಸು ಹಿಡಿದ ಕೈಯಿಂದಲೇ. ಹೋಗೋಣ ಅಂದುಕೊಂಡಿದ್ದ ನರ್ಸಮ್ಮಗಳು ತಮ್ಮ ತಮ್ಮ ಹಗ್ಗದ ಮೇಲೆ ಕೈ ಇಟ್ಟರು. ಸಾಹೇಬ ನಮಸ್ಕಾರ ಮಾಡಿ ಹೊರಗೆ ನಡೆದ. ಹೌದು, ಆಗಲೂ ನಮಸ್ಕಾರ ಮಾಡಿದ.

ಆ ನಮಸ್ಕಾರ ನೋಡಿ ನನಗೆ ಸಿಟ್ಟು ಎಲ್ಲಿಂದ ಬಂತೋ, ಮೈಯೆಲ್ಲ ಉರಿಯೆದ್ದಿತು. ಹಗ್ಗ ಬಿಗಿಯಿತು. ಪಕ್ಕೆಗೆ ಕಚ್ಚಿತು. ಕೆಳಗೆ ಎಸ್ತೇರಕ್ಕನ ಕೈಗೆ ಅದು ಗೊತ್ತಾಗಿ ತಲೆ ಎತ್ತಿದಳು.

"ಗೂಳಪ್ಪಣ್ಣ, ಏನ್ ಬೇಕು?"

"ಬಿಡು ಅಕ್ಕಾ. ಸ್ವಲ್ಪ ಬಿಡು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಗಂಟು ಬಿಚ್ಚಿ, ಕೈಯಿಂದ ಕೈಗೆ, ಹಗ್ಗ ಬಿಡುತ್ತ ಹೋದಳು. ನಾನು ತಗಡಿನ ಅಂಚಿನ ಬೆಳಕಿಂಡಿಗೆ ಏರಿ ತಲೆ ಹೊರಗೆ ಹಾಕಿದೆ. ಅವನು ಎಣ್ಣೆ ಗಾಣದ ಕಡೆ ತಿರುಗುತ್ತಿದ್ದ. ಪೇಟೆಯಲ್ಲಿ ಜನ ತುಂಬಿದ್ದರು. ಚೀಲ ಹೊತ್ತ ಎದೆಯಿದು, ದನಿಗೇನೂ ಬರವಿಲ್ಲ. ಬಾಗಿಲು ಮುಚ್ಚಿದ್ದು, ಗೋಡಂಬಿ, ಬೆರಳು, ಚಪ್ಪಾಳೆ, ಚಂದ್ರವ್ವಳ ಹೆಸರು, ಎಲ್ಲವನ್ನೂ ಅವನ ಬೆನ್ನಿಗೆ ಹೇಳಿದೆ. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಕೇಳಿದರು. ಅವನು ಹೆಜ್ಜೆ ಜೋರು ಮಾಡಿದ, ನಾನು ದನಿ ಜೋರು ಮಾಡಿದೆ. ಗಾಣ ದಾಟಿದ, ಕಣ್ಣಿಗೆ ಕಾಣದಾದ, ಆದರೂ ಹೇಳುತ್ತಲೇ ಇದ್ದೆ. ನನ್ನ ದನಿ ಬಿದ್ದುಹೋಗುವವರೆಗೂ ಎಸ್ತೇರಕ್ಕ ಹಗ್ಗ ಎಳೆಯಲಿಲ್ಲ.